ಇಂಗಿನ ಎರಡು ವಾಸನೆ

ಹದಿನಾರನೆಯ ಶತಮಾನದ ವಿಜಯನಗರದ ಒಂದು ಪ್ರಸಂಗ. ಪೋರ್ಚುಗೀಸನೊಬ್ಬನ ಬಳಿ ಬೆಲೆಬಾಳುವ ಕುದುರೆಯೊಂದಿತ್ತು. ಅರಸನು ಅದನ್ನು ಕೊಳ್ಳಲು ಹಿಂಜರಿಯುತ್ತಿದ್ದ. ಕುದುರೆಗೆ ವಿಪರೀತ ವಾಯುಬಾಧೆಯಿದ್ದದ್ದೇ ಅದಕ್ಕೆ ಕಾರಣ. ಒಡೆಯನು ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿದ, ಕುದುರೆ ಗುಣವಾಯಿತು, ಅರಸನು ಒಳ್ಳೆಯ ಬೆಲೆ ಕೊಟ್ಟು ಕೊಂಡ. ಏನು ಮದ್ದು ಮಾಡಿದೆ ಎಂದು ಅರಸನು ಕೇಳಿದಾಗ ಪೋರ್ಚುಗೀಸನು ಇಂಗು ಎಂದ. ಹಾಗಾದರೆ ಅಚ್ಚರಿಯೇನಿದೆ, ನೀನು ಕೊಟ್ಟದ್ದು ದೇವತೆಗಳ ಆಹಾರವಲ್ಲವೇ ಎಂದು ಅರಸನು ನುಡಿದನಂತೆ. ಅದಕ್ಕೆ ಪೋರ್ಚುಗೀಸನು, ದೆವ್ವಗಳ ಆಹಾರವೆಂದರೆ ಇನ್ನೂ ಸರಿಯಾದೀತು ಎಂದು ಉತ್ತರಿಸಿದ. ಆದರೆ ಬಹಳ ಮೆಲುದನಿಯಲ್ಲಿ, ಮತ್ತು ತನ್ನ ಭಾಷೆಯಲ್ಲಿ.

ಈ ಕಥೆಯನ್ನು ಬರೆದಿಟ್ಟವನು ಗಾರ್ಸಿಯಾ ದ ಓರ್ತಾ ಎಂಬ ವೈದ್ಯ. 1534ರಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಗೋವೆಗೆ ಬಂದವನು ಮತ್ತೆ ಹಿಂದಿರುಗಲಿಲ್ಲ. ಭಾರತದ ಗಿಡಮೂಲಿಕೆ, ಸಾಂಬಾರ ಪದಾರ್ಥಗಳನ್ನು ಕುರಿತು ಅವನು ಸಂಭಾಷಣೆಯ ರೂಪದಲ್ಲಿ ಬರೆದ ಗ್ರಂಥವು 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದರಲ್ಲಿ ಓರ್ತಾನೊಡನೆ ಮಾತಾಡುವ ರುವಾನೋ ಎಂಬುವನು ಕಲ್ಪಿತ ಪಾತ್ರ. ಹೊಸದಾಗಿ ಯುರೋಪಿನಿಂದ ಬಂದವನು, ಎಲ್ಲವನ್ನೂ ಅನುಮಾನಿಸುವವನು. ಇಂಗಿನ ಅಧ್ಯಾಯದಲ್ಲಿ ಓರ್ತಾ ಒಂದು ವಿಚಿತ್ರ ಸಂಗತಿಯನ್ನು ಒಪ್ಪಿಕೊಳ್ಳುತ್ತಾನೆ. ತನ್ನ ಮೂಗಿಗೆ ಲೋಕದಲ್ಲಿ ಇಂಗಿನಷ್ಟು ಕೆಟ್ಟ ವಾಸನೆ ಬೇರೊಂದಿಲ್ಲ. ಆದರೆ ಇಂಗು ಹಾಕಿ ಬೇಯಿಸಿದ ತರಕಾರಿ ಮಾತ್ರ ಕೆಟ್ಟದಾಗಿರುವುದಿಲ್ಲ. ಈ ನಾಡಿನ ಜನ ಕೊಳ್ಳಲು ಶಕ್ತಿಯಿದ್ದರೆ ಸಾಕು, ಇಂಗನ್ನು ಕೊಂಡೇ ಕೊಳ್ಳುತ್ತಾರೆ, ಮೊದಲು ಪಾತ್ರೆಗೆ ಇಂಗು ತಿಕ್ಕಿ ಆಮೇಲೆ ಅಡುಗೆಗಿಡುತ್ತಾರೆ ಎಂದು ಅವನು ವಿವರಿಸುತ್ತಾನೆ.

ನಾವು ಈ ಭಾಗವನ್ನು ಮೊದಲು ಓದಿದ್ದು ಎಂ.ಎ. ದಿನಗಳಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ. ನಕ್ಕು ಮುಂದಿನ ಪುಟಕ್ಕೆ ಹೋಗಿದ್ದೆವು. ಅರಸನಿಗೂ ಕುದುರೆಯವನಿಗೂ ನಡುವೆ ಇದ್ದ ಭೇದ ಎಷ್ಟು ಆಳದ್ದೆಂದು ನಮ್ಮದೇ ಅಡುಗೆಮನೆಯಲ್ಲಿ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇವೆ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುತ್ತಾರೆ ನಮ್ಮವರು. ಪೆಚ್ಚಾದ ಮುಖವನ್ನು ಇಂಗು ತಿಂದ ಮಂಗನಿಗೆ ಹೋಲಿಸುವವರೂ ನಾವೇ. ಒಂದೇ ಮಂಗ, ಒಂದೇ ಇಂಗು; ಅಡುಗೆಗೆ ಬಿದ್ದರೆ ಪಾಂಡಿತ್ಯ, ನೇರ ಬಾಯಿಗೆ ಬಿದ್ದರೆ ಫಜೀತಿ. ಗಾದೆಯ ತೆಂಗು ನಮ್ಮ ಕರಾವಳಿಯದು, ಸರಿ. ಇಂಗು? ಅದು ಕರ್ನಾಟಕದಲ್ಲಿ ಎಂದೂ ಬೆಳೆದದ್ದಲ್ಲ. ಇರಾನ್, ಅಫ್ಘಾನಿಸ್ತಾನಗಳ ಒಣ ಬೆಟ್ಟಗಳಲ್ಲಿ ಬೆಳೆಯುವ, ಕೊತ್ತಂಬರಿ ಜೀರಿಗೆಗಳ ಕುಲಕ್ಕೇ ಸೇರಿದ ಗಿಡದ ಬೇರಿನ ಹಾಲು ಅದು. ನಾಲ್ಕೈದು ವರ್ಷ ಬಲಿತ ಗಿಡದ ಬುಡವನ್ನು ಕೊಯ್ದರೆ ಹಾಲು ಜಿನುಗಿ ಗಟ್ಟಿಯಾಗುತ್ತದೆ. ಅದನ್ನು ಹೆರೆದು, ಮತ್ತೆ ಕೊಯ್ದು, ಮತ್ತೆ ಹೆರೆಯುತ್ತಾರೆ. ಏಳನೆಯ ಶತಮಾನದಲ್ಲಿ ಆ ದಾರಿಯಾಗಿ ನಡೆದುಹೋದ ಹ್ಯೂಯೆನ್ ತ್ಸಾಂಗನು ಇಂದಿನ ಘಜ್ನಿಯ ಸುತ್ತಿನ ನಾಡಿನಲ್ಲಿ ಇಂಗಿನ ಗಿಡ ಹೇರಳವಾಗಿದೆಯೆಂದು ಬರೆದಿದ್ದಾನೆ. ಭಾರತದ ನೆಲದಲ್ಲಿ ಇಂಗನ್ನು ಬೆಳೆಸುವ ವ್ಯವಸ್ಥಿತ ಪ್ರಯತ್ನ ಮೊದಲಾದದ್ದು ತೀರ ಈಚೆಗೆ: 2020ರ ಅಕ್ಟೋಬರ್ 15ರಂದು ಹಿಮಾಚಲದ ಲಾಹೌಲ್ ಕಣಿವೆಯ ಕ್ವಾರಿಂಗ್ ಎಂಬ ಹಳ್ಳಿಯಲ್ಲಿ ಪಾಲಂಪುರದ ವಿಜ್ಞಾನ ಸಂಸ್ಥೆಯವರು ಮೊದಲ ಸಸಿ ನೆಟ್ಟರು. ನಮ್ಮ ಅಜ್ಜಿಯಂದಿರು ಮನೆಯ ರುಚಿ ಎಂದು ಕರೆದದ್ದೆಲ್ಲ ಹಿಂದೂಕುಷ್ ದಾಟಿ ಬಂದದ್ದು. ಊರು ಬಿಟ್ಟು ಊರು ಸೇರಿದ ನಮ್ಮಂಥವರಿಗೆ ಇದರಲ್ಲೊಂದು ಗುಟ್ಟಾದ ಸಮಾಧಾನವಿದೆ.

ಪಶ್ಚಿಮಕ್ಕೂ ಇಂಗು ಹೋಯಿತು. ರೋಮನರಿಗೆ ಪ್ರಿಯವಾಗಿದ್ದ, ಆಫ್ರಿಕದ ಸಿರೇನ್ ಪ್ರಾಂತದ ಸಿಲ್ಫಿಯಂ ಎಂಬ ಗಿಡ ಅತಿಯಾದ ಬಳಕೆಯಿಂದ ನಶಿಸಿತು. ಸಿಕ್ಕಿದ ಕೊನೆಯ ಕಾಂಡವನ್ನು ನೀರೋ ಚಕ್ರವರ್ತಿಗೆ ಕಳುಹಿಸಿದರೆಂದು ಪ್ಲಿನಿ ಹೇಳುತ್ತಾನೆ. ಆ ತೆರವಾದ ಜಾಗಕ್ಕೆ ಪಾರ್ಥಿಯಾದ ಕಡೆಯಿಂದ ಇಂಗು ಬಂತು. ಅಪಿಸಿಯಸ್‌ನ ಹೆಸರಿನಲ್ಲಿರುವ ರೋಮನ್ ಪಾಕಗ್ರಂಥದಲ್ಲಿ ದುಬಾರಿಯಾದ ಈ ಅಂಟನ್ನು ಉಳಿಸಿ ಬಳಸುವ ಉಪಾಯವೊಂದಿದೆ: ಗಾಜಿನ ಪಾತ್ರೆಯಲ್ಲಿ ಪೈನ್ ಬೀಜಗಳ ನಡುವೆ ಅದನ್ನು ಹುದುಗಿಸಿಡು, ಬೇಕಾದಾಗ ವಾಸನೆ ಹಿಡಿದ ಬೀಜವನ್ನು ಅರೆದು ಹಾಕು, ತೆಗೆದಷ್ಟು ಬೀಜ ಮತ್ತೆ ತುಂಬು. ಇದನ್ನು ಓದಿದಾಗ ನಮಗೆ ಎರಡು ಸಾವಿರ ವರ್ಷಗಳ ಅಂತರ ಕರಗಿದಂತಾಯಿತು. ಸಾಗರದ ನಮ್ಮ ಮನೆಯಲ್ಲಿ ಇಂಗಿನ ಗಟ್ಟಿ ಮುಗಿದ ಮೇಲೂ ಡಬ್ಬಿಯನ್ನು ತೊಳೆಯುತ್ತಿರಲಿಲ್ಲ. ಅದರಲ್ಲಿ ಉಪ್ಪು ಹಾಕಿಟ್ಟು ಮಜ್ಜಿಗೆಗೆ ಬಳಸುತ್ತಿದ್ದರು.

ರೋಮ್ ಅಳಿದ ಮೇಲೆ ಯುರೋಪು ಇಂಗಿನ ರುಚಿಯನ್ನು ಮರೆತಿತು. ವಾಸನೆಯನ್ನು ಮಾತ್ರ ನೆನಪಿಟ್ಟುಕೊಂಡಿತು. ಅಡುಗೆಮನೆಯಿಂದ ಹೊರಬಿದ್ದು ಔಷಧದ ಅಂಗಡಿ ಸೇರಿದ ಇಂಗಿಗೆ ಜರ್ಮನರು ಸೈತಾನನ ಮಲವೆಂದು ಹೆಸರಿಟ್ಟರು. ಫ್ರೆಂಚರ ಹೆಸರೂ ಅದೇ ಅರ್ಥದ್ದು. ಅಸಫೊಟಿಡಾ ಎಂಬ ಹೆಸರಿನ ಉತ್ತರಾರ್ಧ ನಾರುವುದು ಎಂಬರ್ಥದ ಲ್ಯಾಟಿನ್ ಪದ. 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ತಾಯಂದಿರು ಮಕ್ಕಳ ಕೊರಳಿಗೆ ಇಂಗಿನ ಚೀಲ ಕಟ್ಟಿ ಶಾಲೆಗೆ ಕಳುಹಿಸುತ್ತಿದ್ದರು. ಅದರಿಂದ ರೋಗ ದೂರವಾಗಲಿಲ್ಲ. ಪಕ್ಕದ ಮಗು ದೂರ ಕುಳಿತಿದ್ದರೆ ಅಷ್ಟರಮಟ್ಟಿಗೆ ಉಪಯೋಗವಾಗಿರಬಹುದು.

ದಖ್ಖನಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳ ಪಟ್ಟಿಯೊಂದಿದೆ. ತಾಂಬೂಲ, ವಿಲೇಪನ, ಮಾಲೆ, ಧೂಪ ಇವುಗಳ ಸಾಲಿನಲ್ಲಿಯೇ ಅನ್ನವೂ ಪಾನೀಯವೂ ಬರುತ್ತವೆ. ಮೈಗೆ ಪೂಸುವ ಗಂಧ ಬೇರೆ, ಹೊಟ್ಟೆಗೆ ಹಾಕುವ ಅನ್ನ ಬೇರೆ ಎಂದು ಆತ ಎರಡು ಅಧಿಕಾರಿಗಳಿಗೆ ಎರಡು ಕಡತ ಹಂಚಲಿಲ್ಲ. (ಕಡತದ ಉಪಮೆ ನಮ್ಮ ವೃತ್ತಿದೋಷ.) ಇಡ್ಲಿಯ ಪೂರ್ವಜವೆಂದು ಎಲ್ಲರೂ ಉದ್ಧರಿಸುವ ಇಡರಿಕೆಗೆ ಅಲ್ಲಿ ಮೆಣಸು, ಜೀರಿಗೆಗಳ ಜೊತೆ ಇಂಗು ಹೇಳಿದೆ. ಅದಕ್ಕೂ ನೂರು ವರ್ಷ ಮೊದಲು, ಸುಮಾರು 1025ರಲ್ಲಿ, ಚಾವುಂಡರಾಯನೆಂಬುವನು ಕನ್ನಡದಲ್ಲಿ ಬರೆದ ಲೋಕೋಪಕಾರವೂ ಹೀಗೆಯೇ: ಜಲಶೋಧನೆ, ವೃಕ್ಷಾಯುರ್ವೇದ, ವಿಷವೈದ್ಯಗಳ ನಡುವೆ ಸುಗಂಧದ್ರವ್ಯಗಳನ್ನು ಕೂಡಿಸುವ ವಿದ್ಯೆಯೂ ಅಡುಗೆಯ ವಿದ್ಯೆಯೂ ಒಂದೇ ಹೊದಿಕೆಯೊಳಗಿವೆ. ಮೂಗು ಒಪ್ಪದೆ ನಾಲಗೆ ಒಪ್ಪದು ಎಂಬ ತಿಳಿವಳಿಕೆ ಈ ಜೋಡಣೆಯ ಹಿಂದೆ ಇತ್ತೆಂದು ನಾವು ನಂಬುತ್ತೇವೆ.

ನಮ್ಮ ತಾರ್ಕಿಕರ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ಮೊದಲು ಓದಿಸುವ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ರೂಪ ಏಳು ಬಗೆ, ರಸ ಆರು ಬಗೆ. ಗಂಧ? ಎರಡೇ ಬಗೆ: ಸುರಭಿ ಮತ್ತು ಅಸುರಭಿ. ಬಣ್ಣಕ್ಕೆ ಬಿಳಿ, ನೀಲಿ, ಹಳದಿ. ರುಚಿಗೆ ಸಿಹಿ, ಹುಳಿ, ಕಹಿ. ವಾಸನೆಗೆ ಮಾತ್ರ ಹಿತ ಮತ್ತು ಅಹಿತ. ಚಿಕ್ಕಂದಿನಲ್ಲಿ ಇದು ವರ್ಗೀಕರಣದ ಸೋಮಾರಿತನವೆಂದು ನಮಗೆ ತೋರಿತ್ತು. ಈಗ ಹಾಗೆ ತೋರುವುದಿಲ್ಲ. ಕೆಂಪನ್ನು ನೋಡಿ ಕೆಂಪು ಎನ್ನಲು ನಮ್ಮ ಇಷ್ಟಾನಿಷ್ಟ ಬೇಕಿಲ್ಲ; ವಾಸನೆಯನ್ನು ಗುರುತಿಸುವ ಮೊದಲೇ ಮುಖ ಅರಳಿರುತ್ತದೆ ಅಥವಾ ಕಿವುಚಿರುತ್ತದೆ. ಅಷ್ಟನ್ನು ಮಾತ್ರ ತಾರ್ಕಿಕರು ಬರೆದರು. ಯಾವುದು ಸುರಭಿ, ಯಾವುದು ಅಸುರಭಿ ಎಂದು ತೀರ್ಮಾನಿಸುವುದು ಯಾರ ಮೂಗು ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಭಾಷೆಯೂ ಈ ವಿಷಯದಲ್ಲಿ ನಿಂತಲ್ಲಿ ನಿಲ್ಲುವುದಿಲ್ಲ. ಇಂದಿನ ತಮಿಳಿನಲ್ಲಿ ನಾಟ್ರಮ್ ಎಂದರೆ ದುರ್ನಾತ. ಸಂಗಂ ಕಾಲದ ತಮಿಳಿನಲ್ಲಿ ಅದೇ ಪದ ಹೂವಿನ ಕಂಪಿಗೆ ಸಲ್ಲುತ್ತಿತ್ತು. ಕನ್ನಡದ ವಾಸನೆ ಇನ್ನೂ ವಿಚಿತ್ರ. ಮಲ್ಲಿಗೆಗೂ ಚರಂಡಿಗೂ ಸಲ್ಲುವ ಈ ಪದಕ್ಕೆ ಶಾಸ್ತ್ರಗಳಲ್ಲಿ ಇನ್ನೊಂದು ಅರ್ಥವಿದೆ: ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರ. ಜನ್ಮಾಂತರದ ವಾಸನೆ ಎನ್ನುವಾಗ ನಾವು ಮೂಗನ್ನು ಕುರಿತು ಮಾತಾಡುತ್ತಿರುವುದಿಲ್ಲ. ಹೂವು ತೆಗೆದ ಮೇಲೂ ಬುಟ್ಟಿಯಲ್ಲಿ ಉಳಿಯುವಂಥದ್ದು ಮನಸ್ಸಿನಲ್ಲಿಯೂ ಉಳಿಯುತ್ತದೆ ಎಂಬ ಹೋಲಿಕೆ ಒಂದೇ ಪದದೊಳಗೆ ಅಡಗಿ ಕುಳಿತಿದೆ. ಇಂಗ್ಲಿಷ್ ಓದಿಕೊಂಡವರು ವಾಸನೆ, ನೆನಪು ಎಂಬ ಮಾತು ಬಂದ ಕೂಡಲೇ ಪ್ರೂಸ್ತನ ಕಾದಂಬರಿಯಲ್ಲಿ ಚಹಾದಲ್ಲಿ ಅದ್ದಿದ ಕೇಕನ್ನು ತರುತ್ತಾರೆ. ನಾವೂ ಎಷ್ಟೋ ಸಲ ತಂದಿದ್ದೇವೆ. ಆದರೆ ಪಂಪನು 941ರಲ್ಲಿಯೇ ಬನವಾಸಿಯನ್ನು ಹಾಗೆ ನೆನೆದಿದ್ದ. ಅವನು ಆಶ್ರಯ ಪಡೆದಿದ್ದ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆಯಾದ್ದರಿಂದ, ಆದಿಕವಿಯನ್ನೂ ನಮ್ಮ ಸಾಲಿಗೆ ಸೇರಿಸಿಕೊಳ್ಳುವ ಆಸೆ ನಮಗಿದೆ. ಒಂದು ಸೂಕ್ಷ್ಮವನ್ನು ಗಮನಿಸಬೇಕು: ಆ ಪ್ರಸಿದ್ಧ ಪದ್ಯದಲ್ಲಿ ತೆಂಕಣ ಗಾಳಿ ಸೋಕುತ್ತದೆ, ಹಾಡು ಕಿವಿಗೆ ಬೀಳುತ್ತದೆ, ಅರಳಿದ ಮಲ್ಲಿಗೆಯನ್ನು ಕಾಣುವುದೂ ಇದೆ, ಮೂಸುವ ಮಾತು ಮಾತ್ರ ಇಲ್ಲ. ಗಾಳಿಯೂ ಬಿರಿದ ಮಲ್ಲಿಗೆಯೂ ಒಟ್ಟಿಗೆ ಬಂದ ಮೇಲೆ ಆ ಮಾತು ಬೇಕಿರಲಿಲ್ಲವೇನೋ.

ಇನ್ನು ವಿಜ್ಞಾನ. ಮನುಷ್ಯನ ಮೂಗು ಮೃಗಗಳ ಮೂಗಿಗಿಂತ ತೀರ ದುರ್ಬಲ ಎಂಬುದು ಹತ್ತೊಂಬತ್ತನೆಯ ಶತಮಾನದಿಂದ ಬಂದ ನಂಬಿಕೆ. ಫ್ರಾನ್ಸಿನ ಪಾಲ್ ಬ್ರೋಕಾ ಮಿದುಳಿನ ಭಾಗಗಳ ಗಾತ್ರವನ್ನು ಅಳೆದು ಆ ತೀರ್ಮಾನಕ್ಕೆ ದಾರಿ ಮಾಡಿದ. ಅದು ಪುರಾಣವೇ ಹೊರತು ಸತ್ಯವಲ್ಲವೆಂದು ರಟ್ಗರ್ಸ್ ವಿಶ್ವವಿದ್ಯಾನಿಲಯದ ಜಾನ್ ಮೆಕ್‌ಗ್ಯಾನ್ 2017ರಲ್ಲಿ ವಿವರವಾಗಿ ವಾದಿಸಿದರು. ಅದಕ್ಕೂ ಮೊದಲು, 1991ರಲ್ಲಿ, ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಮೂಗಿನ ಗ್ರಾಹಕಗಳನ್ನು ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವೊಂದನ್ನು ಕಂಡುಹಿಡಿದಿದ್ದರು; 2004ರ ನೊಬೆಲ್ ಅವರಿಗೆ ಸಂದಿತು. ಮನುಷ್ಯನಲ್ಲಿ ಕೆಲಸ ಮಾಡುವ ಅಂಥ ಗ್ರಾಹಕಗಳು ಸುಮಾರು 400 ಬಗೆ. ನೋಟ, ಶಬ್ದಗಳು ಮಿದುಳಿನ ಥಲಾಮಸ್ ಎಂಬ ಚಾವಡಿಯಲ್ಲಿ ಮೊದಲು ವರದಿ ಒಪ್ಪಿಸಿ ಮುಂದೆ ಹೋಗಬೇಕು. ವಾಸನೆಗೆ ಆ ಕಟ್ಟಳೆಯಿಲ್ಲ. ಭಾವನೆಗೆ ಸಂಬಂಧಿಸಿದ ಅಮಿಗ್ಡಲದ ಅಂಗಳಕ್ಕೆ ಅದು ನೇರವಾಗಿ ನುಗ್ಗುತ್ತದೆ. ಹೆಸರು ತಿಳಿಯುವ ಮೊದಲೇ ಮುಖ ಕಿವುಚುವುದು ಹೀಗೆ.

ಓರ್ತಾನ ಒಗಟಿಗೆ ಉತ್ತರವಿರುವುದು ಬೇರೆ ಕಡೆ. ಮೂಗಿಗೆ ಎರಡು ಬಾಗಿಲು. ಹೊರಗಿನ ಗಾಳಿ ಮೂಗಿನ ಹೊಳ್ಳೆಯಿಂದ ಬರುತ್ತದೆ. ಅಗಿಯುವಾಗ ಬಾಯಿಯೊಳಗಿನ ಆವಿ ಗಂಟಲಿನ ಹಿಂಬದಿಯಿಂದ ಮೇಲೇರಿ ಅದೇ ಗ್ರಾಹಕಗಳನ್ನು ಮುಟ್ಟುತ್ತದೆ. ಮುಂಬಾಗಿಲಿನಿಂದ ಬಂದದ್ದನ್ನು ನಾವು ವಾಸನೆ ಎನ್ನುತ್ತೇವೆ. ಹಿಂಬಾಗಿಲಿನಿಂದ ಬಂದದ್ದನ್ನು ರುಚಿ ಎಂದು ತಿಳಿದು ನಾಲಗೆಯ ಲೆಕ್ಕಕ್ಕೆ ಬರೆಯುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1982ರಲ್ಲಿ ಇದನ್ನು ಒಂದೇ ಇಂದ್ರಿಯದ ಎರಡು ವೃತ್ತಿಗಳೆಂದು ಕಂಡರು. ನಾರುವ ಕೆಲವು ಗಿಣ್ಣುಗಳು ಬಾಯಿಯಲ್ಲಿ ಹಿತವಾಗುವುದು ಅವರು ಹಿಡಿದ ಜಾಡು. ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ಗುಟುಕು ಸಾರು ಕುಡಿದು ನೋಡಬಹುದು: ಉಪ್ಪು ಇದೆ, ಹುಳಿ ಇದೆ, ಖಾರದ ಉರಿ ಇದೆ, ಸಾರು ಮಾತ್ರ ಇಲ್ಲ. ಮೂಗು ಬಿಟ್ಟ ಕ್ಷಣ ಜೀರಿಗೆಯೂ ಕರಿಬೇವೂ ಇಂಗೂ ಎಲ್ಲಿಂದಲೋ ಓಡಿ ಬರುತ್ತವೆ. ಇಂಗಿನಲ್ಲಿ ಇದರ ಜೊತೆಗೆ ಒಗ್ಗರಣೆಯ ಕೈವಾಡವೂ ಉಂಟು. ಅದರ ಉಗ್ರತೆಗೆ ಕಾರಣ ಗಂಧಕವುಳ್ಳ ಸಂಯುಕ್ತಗಳು. ಬಿಸಿ ತುಪ್ಪದಲ್ಲಿ ಅವು ಪಳಗಿ ಈರುಳ್ಳಿ, ಬೆಳ್ಳುಳ್ಳಿಗಳ ಬಂಧುವಿನಂತೆ ವರ್ತಿಸತೊಡಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮನೆಗಳು ಇಂಗನ್ನು ಬಿಗಿಯಾಗಿ ಹಿಡಿದದ್ದೇಕೆಂಬುದೂ ಇದರಿಂದ ತಿಳಿಯುತ್ತದೆ. ವ್ರತ ಕೆಡದೆ ರುಚಿ ಉಳಿಯಿತು.

ಹಾಗಾದರೆ ಅರಸನ ಸ್ವರ್ಗ, ಪೋರ್ಚುಗೀಸನ ನರಕ ಎರಡೂ ಬರೇ ಅಭ್ಯಾಸವೇ? ಬಹುಕಾಲ ನಾವು ಹೌದೆಂದೇ ವಾದಿಸುತ್ತಿದ್ದೆವು. ನಮ್ಮದೇ ಉದಾಹರಣೆ ಕೈಯಲ್ಲಿತ್ತು. ವರ್ಗವಾಗಿ ದೆಹಲಿಗೆ ಬಂದ ಮೊದಲ ಚಳಿಗಾಲದಲ್ಲಿ ಕೆಳಗಿನ ಮನೆಯವರ ಸಾಸಿವೆ ಎಣ್ಣೆಯ ಹೊಗೆ ಮೇಲೆ ಬಂದರೆ ಕಿಟಕಿ ಮುಚ್ಚುತ್ತಿದ್ದೆವು. ಎರಡು ವರ್ಷದೊಳಗೆ ಅದೇ ಹೊಗೆ ಬಂದರೆ ಹಸಿವಾಗತೊಡಗಿತು. ಆದರೆ ವಾಸನೆಯ ತೀರ್ಪು ಅಡುಗೆಮನೆಯ ಕಿಟಕಿಯಲ್ಲಿ ಮುಗಿಯುವುದಿಲ್ಲ. ಓರ್ತಾನ ಕಥೆಯ ಉಳಿದ ಭಾಗವನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು.

ಓರ್ತಾನ ತಂದೆತಾಯಿಯರು 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯಹೂದಿಗಳು; ಪೋರ್ಚುಗಲ್ಲಿನಲ್ಲಿ ಬಲವಂತದಿಂದ ಕ್ರೈಸ್ತರಾದವರು. ಆ ಕಾಲದ ಸ್ಪೇನಿನಲ್ಲಿ ಆಂದ್ರೇಸ್ ಬೆರ್ನಾಲ್ದೇಸ್ ಎಂಬ ಪಾದ್ರಿ ಬರೆದ ಚರಿತ್ರೆಯಲ್ಲಿ ಮತಾಂತರಗೊಂಡ ಯಹೂದಿಗಳ ಮೇಲೆ ಹೊರಿಸಿದ ದೂರುಗಳಲ್ಲೊಂದು ಅವರ ವಾಸನೆ. ಹಂದಿಯ ಕೊಬ್ಬನ್ನು ಬಿಟ್ಟು ಎಣ್ಣೆಯಲ್ಲಿ ಮಾಂಸ ಬೇಯಿಸುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಹುರಿಯುತ್ತಾರೆ, ಅದರಿಂದ ಅವರ ಉಸಿರೂ ಮನೆಯೂ ನಾರುತ್ತವೆ ಎಂದು. ಒಗ್ಗರಣೆಯೇ ಸಾಕ್ಷಿ. ನೆರೆಮನೆಯ ಎಣ್ಣೆಯ ವಾಸನೆ ಹಿಡಿದು ಮತದ್ರೋಹ ಪತ್ತೆ ಮಾಡುವ ಆ ಲೋಕದಿಂದ ತಪ್ಪಿಸಿಕೊಂಡು ಗೋವೆಗೆ ಬಂದವನು ಇಲ್ಲಿ ಕುಳಿತು ಇಂಗಿನ ನಾತವನ್ನು ಕುರಿತು ಬರೆದ, ಮತ್ತು ಇಂಗು ಹಾಕಿದ ಪಲ್ಯ ಚೆನ್ನಾಗಿರುತ್ತದೆಂದು ಒಪ್ಪಿದ. 1560ರಲ್ಲಿ ಇನ್‌ಕ್ವಿಸಿಷನ್ ಗೋವೆಗೂ ಬಂತು. ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತಾರಿನಾಳನ್ನು ಗುಟ್ಟಾಗಿ ಯಹೂದಿ ಆಚಾರ ನಡೆಸಿದಳೆಂದು ಸುಟ್ಟರು. 1580ರಲ್ಲಿ ಓರ್ತಾನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು.

ಇದನ್ನು ಓದಿದ ಮೇಲೆ ನಮಗೊಂದು ಹಳೆಯ ಘಟನೆ ನೆನಪಾಗಿ ಕೆಲವು ದಿನ ಕಾಡಿತು. ಹಿಂದೊಮ್ಮೆ ಇನ್ನೊಂದು ಊರಿನಲ್ಲಿ ಕೆಲಸದಲ್ಲಿದ್ದಾಗ ನಮ್ಮ ಊಟದ ಕೋಣೆಯಲ್ಲಿ ಕರಾವಳಿಯ ಸಹೋದ್ಯೋಗಿಯೊಬ್ಬರು ಒಣಮೀನಿನ ಚಟ್ನಿ ತರುತ್ತಿದ್ದರು. ಯಾರೋ ತಮಾಷೆಗೆಂಬಂತೆ ಕಿಟಕಿ ತೆರೆದರು; ಮರುದಿನವೂ ತೆರೆದರು. ಮೂರನೆಯ ದಿನದಿಂದ ಅವರು ಮೊಸರನ್ನ ತರತೊಡಗಿದರು. ಕಿಟಕಿ ತೆರೆದವರು ನಾವಲ್ಲ. ಆದರೆ ನಮಗೆ ಹಾಯೆನಿಸಿದ್ದು ಸುಳ್ಳಲ್ಲ. ಆ ದಿನ ನಮ್ಮ ಡಬ್ಬಿಯಲ್ಲಿದ್ದ ಇಂಗಿನ ಒಗ್ಗರಣೆಯನ್ನು ಯಾರೂ ಕೇಳಲಿಲ್ಲ.

ಈಗ ಅಡುಗೆಮನೆಗೆ ಬರೋಣ. 2021ರ ಏಪ್ರಿಲ್ ಕೊನೆಯಲ್ಲಿ ದೆಹಲಿಯ ನಮ್ಮ ಸರ್ಕಾರಿ ವಸತಿಯಲ್ಲಿ ಎಲ್ಲರಿಗೂ ಜ್ವರ ಬಂತು. ವಾಸನೆ ಹೋಗುವುದು ಆ ರೋಗದ ಲಕ್ಷಣವೆಂದು ಕೇಂದ್ರ ಆರೋಗ್ಯ ಸಚಿವಾಲಯ ಹಿಂದಿನ ವರ್ಷ ಜೂನ್ ತಿಂಗಳಲ್ಲಿಯೇ ಪಟ್ಟಿಗೆ ಸೇರಿಸಿತ್ತು. ಸುತ್ತೋಲೆ ನಮ್ಮ ಮೇಜಿನ ಮೇಲೂ ಬಂದು ಹೋಗಿತ್ತು. ಉಳಿದವರಿಗೆ ಹತ್ತು ಹದಿನೈದು ದಿನಗಳಲ್ಲಿ ಮೂಗು ಮರಳಿತು. ಎಪ್ಪತ್ತೆರಡು ವರ್ಷದ ಅಮ್ಮನಿಗೆ ಮರಳಲಿಲ್ಲ. ವೈರಾಣು ಘ್ರಾಣದ ನರಗಳನ್ನಲ್ಲ, ಅವಕ್ಕೆ ಆಸರೆಯಾಗಿರುವ ಕೋಶಗಳನ್ನು ಕೆಡಿಸುತ್ತದೆ, ಆದ್ದರಿಂದ ಹೆಚ್ಚಿನವರಿಗೆ ಬೇಗ ಸರಿಹೋಗುತ್ತದೆ ಎಂದು ವೈದ್ಯರು ಧೈರ್ಯ ಹೇಳಿದರು. ಅಮ್ಮ ಸಾರನ್ನು ಬಿಸಿನೀರು ಎಂದರು. ಹಾಲು ಉಕ್ಕಿ ಸೀದದ್ದು ಪಕ್ಕದಲ್ಲೇ ಇದ್ದ ಅವರಿಗೆ ತಿಳಿಯಲಿಲ್ಲ. ಊಟಕ್ಕಿಂತ ಹೆಚ್ಚಾಗಿ ಅವರನ್ನು ಹಣ್ಣು ಮಾಡಿದ್ದು ಬೇರೊಂದು. ಅಪ್ಪ ನಶ್ಯ ಏರಿಸುತ್ತಿದ್ದರು. ಆ ವಾಸನೆಗೆ ಅಮ್ಮ ನಲವತ್ತು ವರ್ಷ ಗೊಣಗಿದ್ದರು. ಅಪ್ಪ ತೀರಿಕೊಂಡ ಮೇಲೆ ಅವರ ಉಣ್ಣೆಯ ಮಫ್ಲರನ್ನು ಒಗೆಯದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಅದನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದರು. ನಮ್ಮನ್ನು ಕಂಡು, "ಇದನ್ನ ಯಾರಾದ್ರೂ ಒಗೆದುಬಿಟ್ರಾ?" ಎಂದು ಕೇಳಿದರು. ಒಗೆದಿರಲಿಲ್ಲ. ನಶ್ಯ ಆಗಲೂ ಢಾಳಾಗಿ ನಾರುತ್ತಿತ್ತು.

ಆಗಸ್ಟಿನಲ್ಲಿ ಮೂಗು ಮರಳತೊಡಗಿತು, ಮರಳಿದ್ದು ತಲೆಕೆಳಗಾಗಿ. ಒಂದು ಬೆಳಿಗ್ಗೆ ಒಗ್ಗರಣೆ ಸಿಡಿದ ಕೂಡಲೇ ಅಮ್ಮ ಸೆರಗಿನಿಂದ ಮೂಗು ಮುಚ್ಚಿ ಹೊರಗೋಡಿದರು. ಏನೋ ಸತ್ತು ಕೊಳೆತಿದೆ, ನೋಡಿ ಎಂದರು. ಅಟ್ಟ, ಮೋರಿ, ಒಲೆಯ ಹಿಂದೆ ಎಲ್ಲ ಹುಡುಕಿ, ಕೊನೆಗೆ ಡಬ್ಬಿಗಳನ್ನು ಒಂದೊಂದಾಗಿ ತಂದು ತೋರಿಸಿದಾಗ ಸಿಕ್ಕಿದ್ದು ಇಂಗು. ಇದಕ್ಕೆ ಪ್ಯಾರಾಸ್ಮಿಯಾ ಎಂದು ಹೆಸರು. ಕಾಫಿ, ಈರುಳ್ಳಿ, ಬೆಳ್ಳುಳ್ಳಿಗಳು ರೋಗಿಗಳಿಗೆ ಅಸಹ್ಯವಾಗುವುದೇಕೆಂದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದವರು ಶೋಧಿಸಿ 2022ರಲ್ಲಿ ಪ್ರಕಟಿಸಿದರು. ಕಾಫಿಯ ಗಂಧಕವುಳ್ಳ ಅಣುವೊಂದು ಮುಖ್ಯ ಆರೋಪಿಯಾಗಿ ಸಿಕ್ಕಿತು. ಇಂಗು ಅದೇ ಗಂಧಕದ ಮನೆತನ. ನಮಗೆ ಮಾತ್ರ ಆ ದಿನ ವಿಜಯನಗರದ ಅರಸ ಒಂದೇ ರಾತ್ರಿಯಲ್ಲಿ ಪೋರ್ಚುಗೀಸನಾಗಿ ಎದ್ದಂತೆ ತೋರಿತು. ಎಪ್ಪತ್ತು ವರ್ಷದ ಅಭ್ಯಾಸ, ತವರಿನ ತಂಬುಳಿ, ಅತ್ತೆಯ ಮನೆಯ ಅಪ್ಪೆಹುಳಿ, ಯಾವುದೂ ಅಡ್ಡ ಬರಲಿಲ್ಲ. ಎಲ್ಲವೂ ಅಭ್ಯಾಸ ಎಂಬ ನಮ್ಮ ವಾದ ಅಲ್ಲಿಗೆ ಮುರಿಯಿತು. ಮೂಗಿನ ಗ್ರಾಹಕ ತಪ್ಪು ಸುದ್ದಿ ತಂದರೆ ನೆನಪಿಗೆ ಅದನ್ನು ತಿದ್ದುವ ಅಧಿಕಾರವಿಲ್ಲ. ಆದರೆ ಪೂರ್ತಿ ಮುರಿಯಿತೆಂದೂ ಹೇಳಲಾರೆವು. ಕುದುರೆಯವನು ಇಂಗನ್ನು ಹಳಿದು ಸುಮ್ಮನಾದ. ಅಮ್ಮ ಹಳಿಯುತ್ತಲೇ ಅದಕ್ಕಾಗಿ ಅತ್ತರು.

ಮನೆಯಲ್ಲಿ ಇಂಗು ನಿಂತಿತು. ಖಾರಿ ಬಾವಲಿಯಿಂದ ತಂದ ಕಾಬೂಲಿ ಇಂಗಿನ ಗಟ್ಟಿಯನ್ನು ಮೂರು ಚೀಲಗಳೊಳಗೆ ಸುತ್ತಿ, ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಹೊರಗಿನ ಬಾಲ್ಕನಿಯಲ್ಲಿಟ್ಟೆವು. ಇಂಗಿಲ್ಲದ ಸಾರಿಗೆ ನಾವು ಒಗ್ಗಿಕೊಂಡೆವು ಎಂದು ಅಮ್ಮನೆದುರು ಹೇಳುತ್ತಿದ್ದೆವು. ಅಮ್ಮ ನಂಬುತ್ತಿರಲಿಲ್ಲ.

ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ವ್ಯಾಯಾಮವೊಂದನ್ನು ವೈದ್ಯರು ಸೂಚಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ: ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, ಮನಸ್ಸಿಟ್ಟು, ವಾರಗಟ್ಟಲೆ ಮೂಸಬೇಕು. ಮದುವೆಮನೆಯಲ್ಲಿ ಉಳಿದ ಪನ್ನೀರು, ನೀಲಗಿರಿ ಎಣ್ಣೆ, ನಿಂಬೆಯ ಸಿಪ್ಪೆ, ಕುಟ್ಟಿದ ಲವಂಗ. ನಾಲ್ಕು ಪುಟ್ಟ ಡಬ್ಬಿಗಳು ದೇವರ ಮನೆಯ ಗೂಡಿನಲ್ಲಿ ಕುಳಿತವು. ಅಮ್ಮ ಬೆಳಿಗ್ಗೆ ಸಂಜೆ ಕಣ್ಣು ಮುಚ್ಚಿ, ಒಂದೊಂದನ್ನೂ ಹೆಸರು ಹೇಳಿ ಮೂಸುತ್ತಿದ್ದರು. ನೋಡಿದವರು ಜಪವೆಂದು ತಿಳಿಯಬಹುದಿತ್ತು. ಲವಂಗ ಮೊದಲು ಬಂತು, ಆಮೇಲೆ ನಿಂಬೆ. ಪನ್ನೀರು ಬಹಳ ಸತಾಯಿಸಿತು.

ಮುಂದಿನ ಯುಗಾದಿಯ ಹೊತ್ತಿಗೆ ಡಬ್ಬಿಗಳು ಐದಾಗಿದ್ದವು. ಬಾಲ್ಕನಿಯ ಪೆಟ್ಟಿಗೆಯಿಂದ ಕಡಲೆಕಾಳಿನಷ್ಟು ಇಂಗನ್ನು ಅಮ್ಮನೇ ಮುರಿದು ತಂದಿಟ್ಟುಕೊಂಡಿದ್ದರು, ನಮಗೆ ಹೇಳಿರಲಿಲ್ಲ. ಒಂದು ಸಂಜೆ ನಮ್ಮೆದುರೇ ಅದರ ಮುಚ್ಚಳ ತೆಗೆದು, ಮುಖ ಅತ್ತ ತಿರುಗಿಸಿ, ಮತ್ತೆ ಇತ್ತ ತಿರುಗಿಸಿ, ನಿಧಾನವಾಗಿ ಉಸಿರೆಳೆದರು. ಏನಮ್ಮಾ, ಹೇಗಿದೆ ಎಂದೆವು.

"ಇಂಗಿನ ಹಾಗಂತೂ ಇಲ್ಲ," ಎಂದು ಇನ್ನೊಮ್ಮೆ ಮೂಸಿದರು. "ಆದ್ರೆ ಕೊಳೆತದ್ದೂ ಅಲ್ಲ. ನಾಳೆ ಸಾರಿಗೆ ಒಂದು ಚೂರು ಹಾಕಿ ನೋಡಿ. ತುಪ್ಪದಲ್ಲಿ ಹಾಕಿ, ಎಣ್ಣೆಯಲ್ಲಿ ಬೇಡ."